ಹಿಂದಿನ ಸೀಟಿನ ಬೆನ್ನು

ನಮ್ಮ ಮನೆಗೆ ಮೊದಲ ಕಾರು ಬಂದಾಗ ಅದರೊಳಗೆ ಮನುಷ್ಯರಿಗಿಂತ ಹೆಚ್ಚು ತಿರುಗಾಡಿದ್ದು ಗೊಬ್ಬರದ ಚೀಲಗಳು. ಚಿಕ್ಕೋಡಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಮ್ಮವರದು ಬೀಜ, ಗೊಬ್ಬರದ ಅಂಗಡಿ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಿಪ್ಪಾಣಿಯ ತಂಬಾಕಿನ ವ್ಯಾಪಾರಿಯೊಬ್ಬರು ದೊಡ್ಡ ಗಾಡಿ ಕೊಂಡು, ತಮ್ಮ ಹಳೆಯ ಸಣ್ಣ ಕಾರನ್ನು ಇವರಿಗೆ ಮಾರಿದ್ದರು. ಎಷ್ಟು ತೊಳೆದರೂ ಅದರ ತಂಬಾಕಿನ ಘಾಟು ಹೋಗಲಿಲ್ಲ. ಆ ಕಾರಿನ ಹಿಂದಿನ ಸೀಟಿನ ಬೆನ್ನೊರಗನ್ನು ಮುಂದಕ್ಕೆ ಮಡಚಿ ಮಲಗಿಸಿದರೆ, ಡಿಕ್ಕಿಯಿಂದ ಮುಂದಿನ ಸೀಟಿನವರೆಗೆ ಸಪಾಟಾದ ಜಾಗ ಸಿಗುತ್ತಿತ್ತು. ನಮ್ಮವರು ಕಾರು ಕೊಂಡದ್ದೇ ಆ ಜಾಗ ನೋಡಿ. ಹೀಗಾಗಿ ನಮ್ಮ ಮನೆಯಲ್ಲಿ ಆ ಬೆನ್ನೊರಗು ಎದ್ದು ನಿಲ್ಲುತ್ತಿದ್ದುದು ಮದುವೆ ಮುಂಜಿಗೆ ಹೊರಟಾಗ ಮಾತ್ರ.

ನನ್ನ ಮೈಯ ಬಗ್ಗೆಯೂ ಇಲ್ಲೇ ಹೇಳಿಬಿಡಬೇಕು. ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಮದುವೆಯಾಗಿ ಬಂದಾಗಲೇ ನಾನು ದಪ್ಪಗಿದ್ದೆ. ಎರಡು ಹೆರಿಗೆಯಾದ ಮೇಲೆ ಇನ್ನೂ ದಪ್ಪಗಾದೆ. ನಮ್ಮ ಅತ್ತೆಗೆ ಖುಷಿಯಾಗಿದ್ದ ದಿನ ನಾನು "ಮನಿ ತುಂಬಿದಾಕಿ", ಸಿಟ್ಟು ಬಂದ ದಿನ "ಗುಡಾಣ". ಎರಡನ್ನೂ ಕೇಳಿ ಕೇಳಿ ಅಭ್ಯಾಸವಾಗಿತ್ತು. ಮನೆಯೊಳಗಿನ ಮಾತು ಮನೆಯೊಳಗೇ ಇದ್ದರೆ ಅಷ್ಟು ಚುಚ್ಚುವುದಿಲ್ಲ.

ನಮ್ಮವರಿಗೆ ಒಬ್ಬಳೇ ತಂಗಿ. ಹಾರೂಗೇರಿಯಿಂದ ಒಳಗೆ ಹೋಗುವ ಒಂದು ಹಳ್ಳಿಗೆ, ಕಬ್ಬು ಬೆಳೆಯುವವರ ಮನೆಗೆ ಅವಳನ್ನು ಕೊಟ್ಟಿತ್ತು. ಅದು ಅವಳ ಚೊಚ್ಚಲು ಬಸಿರು. ಹಿಂದಿನ ನಾಗರಪಂಚಮಿಗೂ ಅವಳು ತವರಿಗೆ ಬಂದಿರಲಿಲ್ಲ. ಎಮ್ಮೆ ಈದಿದೆ, ಹಾಲು ಹಿಂಡುವವರಿಲ್ಲ ಎಂದು ಬೀಗರು ನಿಲ್ಲಿಸಿಕೊಂಡಿದ್ದರು. ಏಳನೆಯ ತಿಂಗಳಲ್ಲಿ ತವರಿನವರು ಬುತ್ತಿ ಒಯ್ದು, ಹಸಿರು ಸೀರೆ ಉಡಿಸಿ, ಕುಬಸದ ಸೀಮಂತ ಮಾಡಿ, ಉಡಿ ತುಂಬಿ ಮಗಳನ್ನು ಬಾಣಂತನಕ್ಕೆ ಕರೆತರುವುದು ನಮ್ಮ ಕಡೆಯ ಪದ್ಧತಿ. ಆದರೆ ಅವಳ ಕಾಲಿಗೆ ಬಾವು ಬಂದಿತ್ತು. ಕಾಲು ಇಳಿಬಿಟ್ಟುಕೊಂಡು ಬಹಳ ಹೊತ್ತು ಕೂಡಬಾರದು ಎಂದು ಹಾರೂಗೇರಿಯ ಡಾಕ್ಟರು ಹೇಳಿದ್ದರು. ಅದನ್ನೇ ಹಿಡಿದುಕೊಂಡು ಅವಳ ಅತ್ತೆ, ಅಂದರೆ ನಮ್ಮ ಬೀಗತಿ, ಮುಂಚೆಯೇ ಹೇಳಿ ಕಳಿಸಿದ್ದರು:

"ಬಸ್ಸಿನ್ಯಾಗ ಕಳಸೂದಿಲ್ಲ, ಟ್ರ್ಯಾಕ್ಸಿನ್ಯಾಗ ಅಂತೂ ಕಳಸೂದ ಇಲ್ಲ. ನಿಮ್ಮ ಕಾರ್ ತಗೊಂಡ ಬರ್ರಿ. ಹಿಂದಿನ ಸೀಟಿನ ಮ್ಯಾಲ ಕಾಲ ಚಾಚಿ ಕುಂದರಲಿ, ಮಗ್ಗಲದಾಗ ಒಬ್ಬ ಮುತ್ತೈದಿ ಇರಲಿ. ಇಲ್ಲಂದ್ರ ಬಾಣಂತನ ಇಲ್ಲೇ ಆಗಲಿ, ನಮಗೇನ ಭಾರ ಇಲ್ಲ."

ಇನ್ನು ಕೆಲವೇ ದಿನಗಳಲ್ಲಿ ಎಂಟನೆಯ ತಿಂಗಳು ಹತ್ತುತ್ತಿತ್ತು. ಎಂಟರಲ್ಲಿ ಬಸುರಿಯನ್ನು ಊರು ದಾಟಿಸುವುದಿಲ್ಲ. ನಾವು ಗೊತ್ತು ಮಾಡಿದ್ದ ದಿನ ಬಂದರೆ ಬಂದಳು, ಇಲ್ಲವಾದರೆ ಹೆರಿಗೆ ಅಲ್ಲೇ. ನಮ್ಮ ಅತ್ತೆಗೆ ಗಂಡ ತೀರಿಕೊಂಡಿದ್ದರಿಂದ ಮಗ್ಗುಲಲ್ಲಿ ಕೂಡುವ ಮುತ್ತೈದೆ ನಾನೇ ಆಗಬೇಕಿತ್ತು. ಬುತ್ತಿ ಮುಟ್ಟಿ ಒಯ್ಯುವವಳೂ ನಾನೇ.

ಬೆಳಗಿನ ಜಾವ ಎದ್ದು ಬುತ್ತಿ ಕಟ್ಟಿದೆವು. ಶೇಂಗಾ ಹೋಳಿಗೆ, ಕರಚಿಕಾಯಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಗಡಿಗೆಯಲ್ಲಿ ಕೆನೆಮೊಸರು. ಬಿದಿರಿನ ಬುಟ್ಟಿಗಳಿಗೆ ಬಿಳಿ ಬಟ್ಟೆ ಕಟ್ಟಿ, ಕಾರಿನ ಬೆನ್ನೊರಗನ್ನು ಮಡಚಿ ಅದರ ಮೇಲೆ ಸಾಲಾಗಿ ಇಟ್ಟರೂ ಒಂದು ಬುಟ್ಟಿ ಉಳಿಯಿತು. ಅತ್ತೆ ಅದನ್ನು ಬಿಡಲು ಒಪ್ಪಲಿಲ್ಲ.

"ಬೀಗರ ಮುಂದ ಬುತ್ತಿ ಕಮ್ಮಿ ಆಗಬಾರದು. ಮತ್ತ ಹಾದ್ಯಾಗ ಬುತ್ತಿ ಮಗ್ಗಲಾಗಬಾರದು. ನೀ ನಡುವ ಕುಂತು ಹಿಡಕೋ" ಎಂದರು ನನಗೆ.

"ಅದರ ಮ್ಯಾಲ ಮನಶ್ಯಾರ ಕುಂದ್ರೂದಲ್ಲವ್ವಾ" ಎಂದು ನಮ್ಮವರು ಒಂದು ಸಲ ಹೇಳಿ ನೋಡಿದರು.

"ಗೊಬ್ಬರದ ಚೀಲ ತಡಕೊಂಡದ್ದು ಇಕಿನ್ನ ತಡಕೊಳ್ಳೂದಿಲ್ಲೇನೋ?"

ನಾನು ನಕ್ಕೆ. ನಕ್ಕು ಹತ್ತಿ, ಮಡಚಿದ ಬೆನ್ನೊರಗಿನ ಮೇಲೆ ಚಕ್ಕಳಬಕ್ಕಳ ಹಾಕಿಕೊಂಡು, ತಲೆ ಮೇಲಿನ ತಗಡಿಗೆ ತಾಗದಂತೆ ಬಗ್ಗಿಸಿಕೊಂಡು ಕೂತೆ. ಎಡಗೈ ಒಂದು ಬುಟ್ಟಿಯ ಮೇಲೆ, ಬಲಗೈ ಇನ್ನೊಂದರ ಮೇಲೆ, ಮೊಸರಿನ ಗಡಿಗೆ ಮೊಣಕಾಲ ನಡುವೆ. ಅತ್ತೆ ಮುಂದಿನ ಸೀಟಿನಲ್ಲಿ. ರಾಯಬಾಗ ದಾಟಿದ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆಯನ್ನು ಉಳುಮೆ ಮಾಡಿದಂತೆ ಮಾಡಿದ್ದವು. ಒಂದು ಕಿರುಸೇತುವೆಯ ಹತ್ತಿರ ಕಾರು ತಗ್ಗಿಗೆ ಇಳಿದು ಎದ್ದಾಗ ನನ್ನ ಕೆಳಗೆ 'ಟಕ್' ಎಂದಿತು. ಎಲ್ಲರಿಗೂ ಕೇಳಿಸಿತು. ನಮ್ಮವರು ಇಳಿದು, ಬಗ್ಗಿ ಗಾಲಿಗಳ ನಡುವೆ ನೋಡಿ, ಕಲ್ಲು ಬಡಿದಿರಬೇಕು ಎಂದು ಮತ್ತೆ ಹತ್ತಿದರು. ಬುತ್ತಿ ಮಾತ್ರ ಒಂದು ಹನಿಯೂ ತುಳುಕಿರಲಿಲ್ಲ. ಅದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಬೀಗರ ಮನೆಯಲ್ಲಿ ಎಲ್ಲ ಸುಸೂತ್ರವಾಗಿ ನಡೆಯಿತು. ಬುಟ್ಟಿಗಳು ಇಳಿದವು, ನಾದಿನಿಗೆ ಹಸಿರು ಸೀರೆ ಉಡಿಸಿದೆ, ಹಾಡು ಬಲ್ಲವರು ಹಾಡಿದರು, ಊಟವಾಯಿತು. ಇಳಿಹೊತ್ತಿಗೆ ಬೀಗತಿ ಉಡಿ ತುಂಬಿದರು: ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಬೇರು, ಅಡಿಕೆ. ಸೆರಗಿನ ಗಂಟನ್ನು ಹೊಟ್ಟೆಗೆ ಅವುಚಿಕೊಂಡು ನಾದಿನಿ ಹೊಸಿಲು ದಾಟಿ ಅಂಗಳಕ್ಕೆ ಬಂದಳು. ಆ ಮನೆಯಲ್ಲಿ ಒಂದು ನಡಾವಳಿ ಇತ್ತು. ಉಡಿ ತುಂಬಿಸಿಕೊಂಡು ಹೊಸಿಲು ದಾಟಿದವಳು ತಿರುಗಿ ಒಳಗೆ ಹೋದರೆ ಅವತ್ತಿನ ಪ್ರಯಾಣ ಮುಗಿದಂತೆ. ಮತ್ತೆ ಒಳ್ಳೆಯ ದಿನ ನೋಡಿ, ಮತ್ತೆ ಉಡಿ ತುಂಬಬೇಕು.

ಅವಳು ಹೊಸಿಲು ದಾಟಿ ನಿಂತ ಮೇಲೆಯೇ ನಮ್ಮವರು ಬೆನ್ನೊರಗನ್ನು ಎತ್ತಲು ಹೋದರು.

ಅದು ಅರ್ಧ ಎದ್ದಿತು. ಎದ್ದು ನಿಂತುಬಿಟ್ಟಿತು. ಮೇಲೆಯೂ ಇಲ್ಲ, ಕೆಳಗೂ ಇಲ್ಲ, ನಮಸ್ಕಾರಕ್ಕೆ ಬಗ್ಗಿದವರು ಅಲ್ಲೇ ನಿಂತಂತೆ. ನಮ್ಮವರು ಜಗ್ಗಿದರು, ದೂಡಿದರು. ಆಮೇಲೆ ನಾದಿನಿಯ ಗಂಡ ಬಂದು ಜಗ್ಗಿದರು. ಬಲಗಡೆಯ ಕೀಲಿನ ಪಟ್ಟಿ ಬಗ್ಗಿ, ಬೆನ್ನೊರಗಿನ ಕಬ್ಬಿಣದ ಅಂಚು ಕಾರಿನ ಪಕ್ಕದ ತಗಡಿಗೆ ಹೋಗಿ ಕಚ್ಚಿಕೊಂಡಿತ್ತು.

"ಏನಾತೋ?" ಎಂದು ಅತ್ತೆ ಕೇಳಿದರು.

"ಕೀಲ ಬಾಗೇತಿ" ಎಂದರು ನಮ್ಮವರು, ನನ್ನ ಕಡೆ ನೋಡದೆ. ನೋಡದೆ ಇದ್ದದ್ದೇ ನನಗೆ ಸಾಕಾಯಿತು. ನಾನು ಸೆರಗು ಹೊದ್ದುಕೊಂಡು ಬೇವಿನ ಗಿಡದ ಬುಡಕ್ಕೆ ಸರಿದೆ.

ಬೀಗತಿ ಕಾರಿನೊಳಗೆ ಇಣುಕಿದರು. "ನಾ ಮದ್ಲ ಹೇಳಿದ್ದೆ. ಕಾರ್ ಅಂದ್ರ ಕಾರ್ ಇರಬೇಕು. ಇದೇನ್ ಗೊಬ್ಬರದ ಗಾಡಿ ತಗೊಂಡ ಬಂದೀರೇನ್ರಿ, ಬಸರಿನ್ನ ಕರಕೊಂಡ ಹೋಗಾಕ?"

ಮಗನ ಕಾರನ್ನು ಹೀಗೆಂದದ್ದು ನಮ್ಮ ಅತ್ತೆಗೆ ತಡೆಯಲಾಗಲಿಲ್ಲ. "ಕಾರ್ ಛಲೋ ಐತ್ರಿ. ಬುತ್ತಿ ಹಿಡಕೊಂಡು ನಮ್ಮ ಸೊಸಿ ಅದರ ಮ್ಯಾಲ ಕುಂತಿದ್ಲು, ಅದಕ್ಕ..."

ಬೀಗತಿ ತಿರುಗಿ ಗಿಡದ ಬುಡದಲ್ಲಿದ್ದ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಹಂಗಾರ ಸೀಟಿಂದೇನ್ ತಪ್ಪಿಲ್ಲ ಬಿಡ್ರಿ" ಎಂದರು.

ಅಂಗಳದಲ್ಲಿದ್ದವರು ನಕ್ಕರು. ಎದುರು ಮನೆಯ ಕಟ್ಟೆಯ ಮೇಲೆ ಕೂತಿದ್ದ ಮುದುಕರೊಬ್ಬರಿಗೆ ಕಿವಿ ಮಂದ. ಯಾಕೆ ನಕ್ಕರು ಎಂದು ಅವರು ಕೇಳಿ, ಪಕ್ಕದವರು ದೊಡ್ಡ ದನಿಯಲ್ಲಿ ತಿಳಿಸಿ ಹೇಳಿ, ಅವರೂ ನಕ್ಕರು. ನನ್ನ ಕಿವಿ ಬಿಸಿಯಾದವು. ಭೂಮಿ ಬಾಯಿ ಬಿಡಲಿ ಎಂದು ಬಯಸುತ್ತಾರಲ್ಲ, ಹಾಗೆ ಬಯಸಲೂ ನಾಚಿಕೆಯಾಯಿತು. ಅದು ಬಾಯಿ ಬಿಟ್ಟರೂ ನಾನು ಹಿಡಿಸಬೇಕಲ್ಲ.

ಆದರೆ ನಗುವಿನ ನಡುವೆ ನಗದೇ ನಿಂತವಳು ನಾದಿನಿ. ಉಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೊಸಿಲಿನ ಹೊರಗೆ ನಿಂತಿದ್ದಳು. ಪಾದಗಳು ಊದಿ, ಕಾಲುಂಗುರ ಬೆರಳೊಳಗೆ ಹುಗಿದುಹೋಗಿತ್ತು. ಅವಳ ಗಂಡ ಒಂದು ಕುರ್ಚಿ ತಂದು ಅಂಗಳದಲ್ಲೇ ಹಾಕಿದರು. ಇನ್ನೊಂದು ತಂದು ಅದರ ಮೇಲೆ ಕಾಲು ಇಡಿಸಿದರು.

"ಮುಂದಿನ ಸೀಟಿನ್ಯಾಗ ಕುಂತು ಹೋಗ್ತೇನಿ, ಅತ್ತಿ" ಎಂದಳು ಅವಳು ಮೆಲ್ಲಗೆ.

"ಕಾಲ ಇಳಿಬಿಟ್ಟಕೊಂಡು? ಡಾಕ್ಟರ್ ಹೇಳಿದ್ದ ಮರತಿ?" ಬೀಗತಿಯ ದನಿ ಕಟುವಾಗಿತ್ತು, ಆದರೆ ಮಾತು ಸುಳ್ಳಲ್ಲ. "ಹೊತ್ತ ಮುಳುಗೂದ್ರಾಗ ಆತು ಅಂದ್ರ ಹೋಗು. ಇಲ್ಲಂದ್ರ ಸುಮ್ಮನ ಒಳಗ ನಡಿ, ಹಾಸಗಿ ಹಾಸ್ತೇನಿ."

ಒಳಗೆ ನಡಿ ಎಂದಾಗ ಅವಳು ಕುರ್ಚಿಯ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದದ್ದನ್ನು ನಾನು ನೋಡಿದೆ. ಅವಳು ಅಳಲಿಲ್ಲ. ಹೊಸಿಲಿಗೆ ಬೆನ್ನು ಮಾಡಿ ಕೂತಳು, ಅಷ್ಟೇ. ಆ ಬೆನ್ನನ್ನು ನೋಡುತ್ತಾ ನನಗೆ ಅನಿಸಿದ್ದು ಇಷ್ಟೇ: ಇವಳು ತವರಿಗೆ ಬರದೇ ಹೋದರೆ ಅದು ನನ್ನ ಮೈಯಿಂದ.

ಬೆನ್ನೊರಗನ್ನು ಬಿಚ್ಚಿಯೇ ತೆಗೆಯುವುದೆಂದು ನಮ್ಮವರು ತೀರ್ಮಾನಿಸಿದರು. ಬಿಚ್ಚಿದರೆ ಕೂಡುವ ಗಾದಿಯಾದರೂ ಖಾಲಿಯಾಗುತ್ತದೆ, ಕಾಲು ಚಾಚಬಹುದು. ಕೂಡುವ ಗಾದಿಯ ತುದಿಯನ್ನು ಎತ್ತಿ ಹಿಡಿದರೆ ಎರಡೂ ಕಡೆ ಒಂದೊಂದು ಬೋಲ್ಟು ಕಾಣುತ್ತಿತ್ತು. ಬೆನ್ನೊರಗು ನಿಂತದ್ದೆಲ್ಲ ಅವುಗಳ ಮೇಲೆ. ಬೀಗರ ಮನೆಯ ಪಂಪ್‌ಸೆಟ್ಟಿನ ಪಾನಾಗಳ, ಅಂದರೆ ಸ್ಪ್ಯಾನರುಗಳ, ಚೀಲ ಬಂತು. ಎಡಗಡೆಯ ಬೋಲ್ಟು ಬೇಗ ಬಂತು. ಬಲಗಡೆಯದು ಜಪ್ಪಯ್ಯ ಎನ್ನಲಿಲ್ಲ. ಪಾನಾ ಹಚ್ಚಿ ತಿರುಗಿಸಿದರೆ ಜಾರಿ ನಮ್ಮವರ ಬೆರಳಿನ ಗೆಣ್ಣು ತರಚಿತು. ಸೀಮೆಎಣ್ಣೆ ಬಿಡೋಣ ಎಂದಾಗ ಬೀಗತಿ ಕುಂಕುಮದ ಕೈಯನ್ನೇ ಅಡ್ಡ ಹಿಡಿದರು.

"ಆ ವಾಸನಿಗೆ ನಮ್ಮ ಸೊಸಿ ಹಾದಿತುಂಬ ಕಕ್ಕೋತ ಹೋಗಬೇಕೇನು? ತಲಿಗೆ ಹಚ್ಚೂ ಎಣ್ಣಿ ಹಾಕ್ರಿ."

ಕೊಬ್ಬರಿ ಎಣ್ಣೆಯ ಬಾಟಲಿ ಬಂತು. ಎಣ್ಣೆ ಬಿಟ್ಟು, ಕಾಯ್ದು, ಮತ್ತೆ ತಿರುಗಿಸಿದರು. ತಂಬಾಕಿನ ಘಾಟಿನ ಜೊತೆ ಕೊಬ್ಬರಿ ಎಣ್ಣೆಯ ವಾಸನೆ ಸೇರಿತು. ಬೋಲ್ಟು ಅಲ್ಲೇ. ಬಗ್ಗಿದ ಪಟ್ಟಿ ಅದನ್ನು ಅಡಿಯಿಂದ ಕಚ್ಚಿ ಮೇಲಕ್ಕೆ ಒತ್ತಿ ಹಿಡಿದಿತ್ತು. ಬೆನ್ನೊರಗಿನ ಆ ಮೂಲೆಯನ್ನು ಮೇಲಿನಿಂದ ಭಾರ ಹಾಕಿ ಅದುಮಿದರೆ ಕಚ್ಚು ಬಿಟ್ಟೀತು ಎಂದು ನಮ್ಮವರಿಗೆ ಹೊಳೆಯಿತು. ನಾದಿನಿಯ ಗಂಡ ಡಿಕ್ಕಿಯಿಂದ ಹತ್ತಿ ಆ ಮೂಲೆಯ ಮೇಲೆ ಕೂತರು. ಅವರು ಕಬ್ಬಿನ ಜಲ್ಲೆಯ ಹಾಗೆ ತೆಳ್ಳಗಿನ ಮನುಷ್ಯ. ಏನೂ ಆಗಲಿಲ್ಲ. ಕೂತಲ್ಲೇ ಕುಪ್ಪಳಿಸಿದರು. ಆಗಲೂ ಇಲ್ಲ.

ನಮ್ಮವರು ಕಾರಿನೊಳಗಿಂದ ತಲೆ ಹೊರಗೆ ಹಾಕಿದರು. ಈ ಸಲ ನನ್ನ ಕಡೆ ನೋಡಿದರು.

ಕರೆಯಲಿಲ್ಲ. ಅವರಿಗೂ ಆ ಜನರ ಮುಂದೆ ಬಾಯಿ ಬರಲಿಲ್ಲ ಎಂದು ಕಾಣುತ್ತದೆ. ಆಮೇಲೆ ಗಿಡದವರೆಗೆ ನಡೆದು ಬಂದು, ನೀರು ಕೇಳಲು ಬಂದವರ ಹಾಗೆ ನಿಂತು, "ಒಂದ್ ಸಲ ಬರ್ತಿಯೇನ?" ಎಂದರು.

"ಎಲ್ಲಾರೂ ನೋಡಾಕತ್ತಾರ್ರೀ."

"ಹೌದು. ನೋಡ್ಲಿ ಬಿಡು ಅಂತ ಹೇಳಾಕ ನನಗ ಬರೂದಿಲ್ಲ. ಹೊತ್ತ ಹೊಂಟೇತಿ."

ಹೊತ್ತು ನಿಜವಾಗಿಯೂ ಹೊರಟಿತ್ತು. ಗೋಡೆಯ ನೆರಳು ನಾದಿನಿಯ ಕುರ್ಚಿಯನ್ನು ಮುಟ್ಟಿತ್ತು.

ಗಿಡದಿಂದ ಕಾರಿನವರೆಗೆ ಎಷ್ಟು ದೂರವಿದ್ದೀತು? ಆ ಅಂಗಳ ನನಗೆ ಅವತ್ತು ಮುಗಿಯಲೇ ಇಲ್ಲ. ಡಿಕ್ಕಿಯ ಅಂಚಿಗೆ ಮೊಣಕಾಲು ಊರಿ ಹತ್ತಬೇಕು. ಸೀರೆಯ ನಿರಿಗೆ ಎತ್ತಿ ಹಿಡಿಯಬೇಕು. ಒಂದೇ ಸಲಕ್ಕೆ ಹತ್ತಲಾಗಲಿಲ್ಲ. ಹಿಂದಿನಿಂದ ಯಾರೋ ಕೈ ಕೊಟ್ಟರು, ಯಾರೆಂದು ತಿರುಗಿ ನೋಡುವ ಧೈರ್ಯವಾಗಲಿಲ್ಲ. "ಸಾವಕಾಶ್ ರೀ, ಈಗ ಗಾಲಿ ಬಗ್ಗಾವು" ಎಂದು ಗಂಡಸಿನ ದನಿಯೊಂದು ಹೇಳಿತು. ಮತ್ತೆ ನಗು. ಒಳಗೆ ಹೋಗಿ, ಬಗ್ಗಿಕೊಂಡು ತಿರುಗಿ, ಆ ಇಳಿಜಾರಾದ ಮೂಲೆಯ ಮೇಲೆ ಕೂತೆ. ಕಾರಿನ ಹಿಂಭಾಗ ಒಂದು ಮೊಳ ಕುಸಿಯಿತು ಎಂದು ಈಗಲೂ ಅನಿಸುತ್ತದೆ, ಅಷ್ಟೇನೂ ಕುಸಿದಿರಲಿಕ್ಕಿಲ್ಲ. ಡಿಕ್ಕಿಯ ಬಾಗಿಲು ಪೂರ್ತಿ ತೆರೆದಿತ್ತು. ನಾನು ಜನರಿಗೆ ಮುಖ ಮಾಡಿ ಕೂತಿದ್ದೆ, ತೂಕಕ್ಕೆ ಇಟ್ಟ ಮೂಟೆಯ ಹಾಗೆ.

"ಇನ್ನೊಂದ ಸೊಲ್ಪ ಬಲಕ್ಕ" ಎಂದರು ನಮ್ಮವರು ಕೆಳಗಿನಿಂದ. ಸರಿದೆ.

"ಪೂರಾ ಭಾರ ಬಿಡು. ಕೈಯಾಗ ಹಿಡದಿ ನೀ."

ನಿಜ. ನಾಚಿಕೆಗೆ ನಾನು ಮೇಲಿನ ಹಿಡಿಕೆಯನ್ನು ಹಿಡಿದು ಅರ್ಧ ಭಾರವನ್ನು ಕೈಯಲ್ಲೇ ಇಟ್ಟುಕೊಂಡಿದ್ದೆ. ಇದ್ದಕ್ಕಿಂತ ಹಗುರಾಗಿ ಕಾಣಬೇಕೆಂಬ ಆಸೆ ಅಂಥ ಹೊತ್ತಿನಲ್ಲೂ ಬಿಟ್ಟಿರಲಿಲ್ಲ. ಕೈ ಬಿಟ್ಟೆ. ಇಡೀ ಭಾರ ಆ ಮೂಲೆಗೆ ಹೋಯಿತು. ಕೆಳಗೆ ಕಬ್ಬಿಣ ಕಿರ್ರೆಂದಿತು, ಪಾನಾ ಒಂದು ಸುತ್ತು ಹೋಯಿತು, ಇನ್ನೊಂದು ಸುತ್ತು.

"ಬಂತು, ಬಂತು, ಏಳಬ್ಯಾಡ!"

ಬೋಲ್ಟು ಕಳಚಿದ್ದೇ ತಡ, ಬೆನ್ನೊರಗು ನನ್ನನ್ನು ಹೊತ್ತುಕೊಂಡೇ ದಬಕ್ಕನೆ ಗಾದಿಯ ಮೇಲೆ ಬಿತ್ತು. ಕಾಲೆರಡೂ ಮೇಲಾದವು. ಅಂಗಳಕ್ಕೆ ಅಂಗಳವೇ ಹೋ ಎಂದಿತು. ಬೀಗತಿ ಬಾಯಿಗೆ ಸೆರಗು ಅಡ್ಡ ಹಿಡಿದರು. ಕಟ್ಟೆಯ ಮೇಲಿನ ಕಿವುಡ ಮುದುಕರಿಗೆ ಈ ಸಲ ಯಾರೂ ತಿಳಿಸಿ ಹೇಳಬೇಕಾಗಲಿಲ್ಲ.

ಸೀರೆ ಸರಿ ಮಾಡಿಕೊಂಡು ಇಳಿದೆ. ಯಾರ ಮುಖವನ್ನೂ ನೋಡದೆ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ. ಅಲ್ಲಿ ಒಂದಿಷ್ಟು ಕಣ್ಣೀರು ಹಾಕಿದೆ ಎಂದರೆ ಸುಳ್ಳಲ್ಲ. ಕೆಲಸವಾಯಿತು ಎಂಬ ಸಮಾಧಾನ ಇರಬೇಕಿತ್ತು; ಇರಲಿಲ್ಲ. ಕಾಲು ಮೇಲಾದದ್ದೇ ಕಣ್ಣೆದುರು ಬರುತ್ತಿತ್ತು.

ಹೊರಗೆ ಬರುವ ಹೊತ್ತಿಗೆ ಗಂಡಸರು ಬೆನ್ನೊರಗನ್ನು ಎತ್ತಿ ಬೀಗರ ಕಟ್ಟೆಗೆ ಒರಗಿಸಿದ್ದರು. ಬೀಗರು ಮರಳಿ ತುಂಬಿ ಕೊಟ್ಟ ಬುಟ್ಟಿಗಳು ಅಷ್ಟರಲ್ಲಿ ಡಿಕ್ಕಿಗೆ ಏರಿದ್ದರಿಂದ ಅದಕ್ಕೆ ಕಾರಿನಲ್ಲಿ ಜಾಗವಿರಲಿಲ್ಲ. "ಇರಲಿ ಬಿಡ್ರಿ, ಒತ್ತಿ ಇಟಗೊಂಡೀವಿ. ಕೂಸಿನ್ನ ತಗೊಂಡ ಬಂದಾಗ ಬಿಡಸಿಕೊಂಡ ಹೋಗ್ರಿ" ಎಂದರು ಬೀಗತಿ. ಒಳಗೆ ಹೋಗಿ ತಮ್ಮ ಪೆಟ್ಟಿಗೆಯಿಂದ ಎರಡು ಕೌದಿ ತಂದು, ಬೆನ್ನಿಲ್ಲದ ಸೀಟಿನ ಹಿಂದೆ ಬುಟ್ಟಿಗಳಿಗೆ ಅಡ್ಡವಾಗಿ ತಾವೇ ತುರುಕಿದರು. ಕೌದಿಗಳು ಹೊಚ್ಚ ಹೊಸವು. ಕೂಸಿಗಾಗಿ ಹೊಲಿದಿಟ್ಟವು ಇರಬೇಕು. ತುರುಕಿ ನನ್ನ ಕಡೆ ತಿರುಗಿ, "ನೀ ಆ ಬಾಗಲಕ್ಕ ಆತು ಕುಂದರವಾ. ಆಕಿ ನಿನ್ನ ಮ್ಯಾಲ ಒರಗಲಿ" ಎಂದರು. ಅವ್ವಾ ಎಂಬಂಥ ಆ 'ವಾ'ದಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು, ಸಿಟ್ಟಾದರೂ ಆಗಬಹುದಿತ್ತು.

ಹೊತ್ತು ಮುಳುಗುವುದರೊಳಗೆ ಊರ ಹಳ್ಳ ದಾಟಿದೆವು. ನಾದಿನಿ ಸೀಟಿನುದ್ದಕ್ಕೂ ಕಾಲು ಚಾಚಿ, ಬೆನ್ನನ್ನು ನನ್ನ ಎದೆಗೆ ಕೊಟ್ಟು ಒರಗಿದ್ದಳು. ತಗ್ಗು ಬಂದಾಗಲೆಲ್ಲ ನಾನು ಅವಳ ಹೊಟ್ಟೆಯ ಕೆಳಗೆ ಕೈ ಹಾಕಿ ಹಿಡಿಯುತ್ತಿದ್ದೆ. ರಾಯಬಾಗದ ಹತ್ತಿರ ಬಂದಾಗ ಅವಳು ತಲೆ ಮೇಲೆತ್ತಿ, "ವೈನಿ, ಮೊದಲಿನ ಸೀಟಕಿಂತ ನೀವ ಮೆತ್ತಗ ಅದೀರಿ" ಎಂದಳು.

ಮುಂದೆ ನಮ್ಮವರ ಹೆಗಲು ಅಲುಗಿತು. ಅತ್ತೆ ಕೆಮ್ಮಿದಂತೆ ಮಾಡಿದರು. ಅವಳು ಪ್ರೀತಿಯಿಂದಲೇ ಅಂದದ್ದು, ನನಗೆ ಗೊತ್ತು. ಆದರೂ ಕಿವಿ ಮತ್ತೆ ಬಿಸಿಯಾದವು. ಕಾಲು ಜೋಮು ಹಿಡಿದು ಸರಿದು ಕೂಡಬೇಕೆನಿಸುವಷ್ಟರಲ್ಲಿ ಅವಳು ನಿದ್ದೆ ಹೋಗಿದ್ದಳು. ಸರಿದರೆ ಅವಳಿಗೆ ಎಚ್ಚರವಾದೀತೆಂದು ಸರಿಯಲಿಲ್ಲ.

ಚಿಕ್ಕೋಡಿಗೆ ಬಂದಾಗ ದೀಪ ಹಚ್ಚಿಯಾಗಿತ್ತು. ಓಣಿಯ ಹೆಂಗಸರು ಬಸುರಿಯನ್ನು ನೋಡಲು ನಮ್ಮ ಬಾಗಿಲಲ್ಲಿ ಸೇರಿದ್ದರು. ನಾದಿನಿಯನ್ನು ಇಳಿಸಿಕೊಂಡು ಹೊಸಿಲಿನ ಹೊರಗೆ ನಿಲ್ಲಿಸಿ, ಪಕ್ಕದ ಮನೆಯವರು ರೊಟ್ಟಿ ತುಂಡು, ತಂಬಿಗೆ ನೀರು ತಂದು ನಿವಾಳಿಸಿದರು. ನಾನು ಇಳಿಯಲಿಲ್ಲ. ಕಾಲಿನಲ್ಲಿ ಜೀವವಿರಲಿಲ್ಲ. ಎಲ್ಲರೂ ಒಳಗೆ ಹೋಗಲಿ, ಆಮೇಲೆ ಕತ್ತಲಲ್ಲಿ ಸಾವಕಾಶ ಇಳಿದರಾಯಿತು, ಇವತ್ತಿಗೆ ಜನ ನೋಡಿದ್ದು ಸಾಕು ಎಂದುಕೊಂಡೆ.

ನಿವಾಳಿಸಿ ಚೆಲ್ಲಿದ ಮೇಲೂ ನಾದಿನಿ ಹೊಸಿಲು ದಾಟಲಿಲ್ಲ.

"ಯಾಕ, ಒಳಗ ಬಾ" ಎಂದರು ಅತ್ತೆ.

"ವೈನಿ ಇಳೀಲಿ" ಎಂದಳು ಅವಳು, ಉಡಿ ಹಿಡಿದುಕೊಂಡು. "ಅವರ ಕೂಡ ಬರ್ತೇನಿ."

ಓಣಿಯ ಹೆಂಗಸರೆಲ್ಲ ಕಾರಿನ ಕಡೆ ತಿರುಗಿದರು. ಒಬ್ಬಾಕೆ ಕಂದೀಲನ್ನೂ ಎತ್ತಿ ಹಿಡಿದಳು. ಅವಳ ಊದಿದ ಕಾಲುಗಳನ್ನು ಎಷ್ಟು ಹೊತ್ತು ನಿಲ್ಲಿಸುವುದು? ನಾನು ಮುಂದಿನ ಸೀಟನ್ನು ಹಿಡಿದು, ಮೊದಲು ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಕೆಳಗಿಟ್ಟು, ಎಲ್ಲರ ಕಣ್ಣೆದುರೇ ಇಳಿಯತೊಡಗಿದೆ.